ಈಥರ್ನೆಟ್ ಸೌಲಭ್ಯದ ಫೀಡರ್ ರಕ್ಷಣಾ ರಿಲೇ: ದೀರ್ಘಕಾಲದ ಬಳಕೆಯ ಅನುಭವ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯ 11 ಕೆವಿ ಪ್ಯಾನೆಲ್‌ಗಳಲ್ಲಿದ್ದ ಹಳೆಯ ಎಲೆಕ್ಟ್ರೋಮೆಕ್ಯಾನಿಕಲ್ ರಿಲೇಗಳನ್ನು ತೆಗೆದು, ಐಇಸಿ 61850 ಮತ್ತು ಮಾಡ್‌ಬಸ್ ಟಿಸಿಪಿ ಎಂಬ ಎರಡೂ ಸಂವಹನ ವಿಧಾನಗಳನ್ನು ಬಲ್ಲ ನ್ಯೂಮರಿಕಲ್ (ಮೈಕ್ರೊಪ್ರೊಸೆಸರ್ ಆಧಾರಿತ) ರಿಲೇಗಳನ್ನು ಅಳವಡಿಸಿ ಕೆಲವು ವರ್ಷಗಳಾಗಿವೆ. ಫೀಡರಿನಲ್ಲಿ, ಅಂದರೆ ವಿದ್ಯುತ್ ಹಂಚುವ ಮಾರ್ಗದಲ್ಲಿ, ದೋಷ ಕಂಡೊಡನೆ ಬ್ರೇಕರ್ ತೆರೆದು ಪ್ರವಾಹ ಕಡಿಯುವಂತೆ ಆಜ್ಞೆ ಕೊಡುವ ಸಾಧನವೇ ಈ ರಿಲೇ. ವಿದ್ಯುತ್ ನಿರ್ವಹಣೆಯ ಹೊಣೆ ಹೊತ್ತವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಲ್ಲಿನ ಮಾತು ಈ ದರ್ಜೆಯ ಬಹುತೇಕ ರಿಲೇಗಳಿಗೆ ಅನ್ವಯಿಸುವುದರಿಂದ ತಯಾರಕರ ಹೆಸರನ್ನು ಬಿಟ್ಟಿದ್ದೇನೆ.

ರಕ್ಷಣೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಓವರ್‌ಕರೆಂಟ್ (ಮಿತಿಮೀರಿದ ಪ್ರವಾಹ) ಮತ್ತು ಅರ್ತ್ ಫಾಲ್ಟ್ (ಭೂಮಿಗೆ ಹರಿಯುವ ದೋಷ) ಅಂಶಗಳು ಪ್ರತಿ ಪರೀಕ್ಷೆಯಲ್ಲೂ ನಿಗದಿತ ಸಮಯಕ್ಕೆ ಕೆಲಸ ಮಾಡಿವೆ, ದೋಷದ ತರಂಗ ದಾಖಲೆಗಳು ಕಾಮ್‌ಟ್ರೇಡ್ ಎಂಬ ಪ್ರಮಾಣಿತ ರೂಪದ ಕಡತಗಳಾಗಿ ಸುಲಭವಾಗಿ ಕೈಗೆ ಸಿಗುತ್ತವೆ. ಹಣ ಕೊಡುವವರು ತೂಗಿ ನೋಡಬೇಕಾದದ್ದು ದೂರದಿಂದ ಬ್ರೇಕರ್ ತೆರೆಯುವ, ಮುಚ್ಚುವ ವ್ಯವಸ್ಥೆಯನ್ನು.

ಇಲ್ಲಿ ಆಜ್ಞೆ ಎರಡು ಹಂತಗಳಲ್ಲಿ ಹೋಗುತ್ತದೆ. ಸ್ಕಾಡಾ (ದೂರದಿಂದ ನೋಡಿ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಪರದೆಯಲ್ಲಿ ನಿರ್ವಾಹಕರು ಬ್ರೇಕರನ್ನು ಮೊದಲು ಆಯ್ಕೆ ಮಾಡಬೇಕು. ರಿಲೇ ಆ ಆಯ್ಕೆಯನ್ನು ಒಪ್ಪಿ ಉತ್ತರ ಕೊಟ್ಟ ಮೇಲೆ, ನಾವು ನಿಗದಿಪಡಿಸಿದ 30 ಸೆಕೆಂಡುಗಳ ಒಳಗೆ ನಿಜವಾದ ಆಜ್ಞೆ ಬಾರದಿದ್ದರೆ ಆಯ್ಕೆ ತಾನಾಗಿಯೇ ರದ್ದಾಗುತ್ತದೆ. ಒಬ್ಬರು ಆಯ್ಕೆ ಮಾಡಿಕೊಂಡಿರುವಾಗ ಇನ್ನೊಂದು ಕಂಪ್ಯೂಟರಿನಿಂದ ಅದೇ ಬ್ರೇಕರನ್ನು ಮುಟ್ಟಲಾಗುವುದಿಲ್ಲ. ಆಜ್ಞೆ ಹೋದ ಮೇಲೂ ರಿಲೇ ಸುಮ್ಮನಾಗದೆ, ಬ್ರೇಕರಿನ ಸ್ಥಾನ ತೋರಿಸುವ ಸಹಾಯಕ ಸಂಪರ್ಕಗಳನ್ನು ನೋಡಿ ಸ್ಥಿತಿ ನಿಜವಾಗಿಯೂ ಬದಲಾಯಿತೇ ಎಂಬುದನ್ನು ಖಚಿತಪಡಿಸಿಕೊಂಡು ವರದಿ ಮಾಡುತ್ತದೆ. ಸ್ಥಿತಿಗೆ ಎರಡು ಬಿಟ್‌ಗಳನ್ನು ಬಳಸುವುದರಿಂದ ತೆರೆದಿದೆ, ಮುಚ್ಚಿದೆ ಎಂಬ ಎರಡರ ಜೊತೆಗೆ ನಡುವಿನ ಸ್ಥಿತಿ ಮತ್ತು ದೋಷಯುಕ್ತ ಸ್ಥಿತಿಗಳೂ ಬೇರೆಯಾಗಿ ಕಾಣುತ್ತವೆ. ಸಂಪರ್ಕದ ಒಂದು ತಂತಿ ಸಡಿಲವಾದಾಗ ಹಳೆಯ ಪ್ಯಾನೆಲ್ ದೀಪ ತಪ್ಪು ಹೇಳುತ್ತಿತ್ತು. ಇದು ಹಾಗೆ ಹೇಳುವುದಿಲ್ಲ.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ನಿರಾಕರಣೆಯ ಕಾರಣವನ್ನು ಹೇಳುವ ಗುಣ. ಅರ್ತ್ ಸ್ವಿಚ್ (ಮಾರ್ಗವನ್ನು ಭೂಮಿಗೆ ಜೋಡಿಸುವ ಸ್ವಿಚ್) ಮುಚ್ಚಿದ್ದರೆ ಅಥವಾ ಬ್ರೇಕರನ್ನು ಮುಚ್ಚುವ ಸ್ಪ್ರಿಂಗ್ ಚಾರ್ಜ್ ಆಗದಿದ್ದರೆ ‘ಇಂಟರ್‌ಲಾಕ್ ತಡೆದಿದೆ’ (ಸರಿಯಿಲ್ಲದ ಸ್ಥಿತಿಯಲ್ಲಿ ಆಜ್ಞೆಯನ್ನು ತಡೆಯುವ ಏರ್ಪಾಡು) ಎಂದೂ, ಪ್ಯಾನೆಲ್‌ನ ಸ್ವಿಚ್ ಲೋಕಲ್‌ನಲ್ಲಿದ್ದರೆ (ಪ್ಯಾನೆಲ್ ಬಳಿಯಿಂದ ಮಾತ್ರ ನಿಯಂತ್ರಣ) ಬೇರೆಯದೇ ಕಾರಣವನ್ನೂ ರಿಲೇ ತಿಳಿಸುತ್ತದೆ. ರಾತ್ರಿ ಪಾಳಿಯವರು ಪ್ಯಾನೆಲ್ ಕೋಣೆಗೆ ಓಡುವ ಮೊದಲೇ ಏನು ನೋಡಬೇಕೆಂದು ಅರಿತಿರುತ್ತಾರೆ. ಆದರೂ ಎಲ್.ಸಿ. (ಲೈನ್ ಕ್ಲಿಯರ್, ಮಾರ್ಗದಲ್ಲಿ ಕೆಲಸ ಮಾಡಲು ಕೊಡುವ ಅನುಮತಿ) ಪಡೆದು ಕೆಲಸ ಮಾಡುವಾಗ ಸ್ವಿಚ್ಚನ್ನು ಲೋಕಲ್‌ಗೆ ತಿರುಗಿಸಿ, ಬ್ರೇಕರ್ ಕೂತಿರುವ ಟ್ರಕ್ ಹೊರಗೆಳೆದು, ಬೀಗ ಹಾಕುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಮನುಷ್ಯನ ಜೀವವನ್ನು ಸಾಫ್ಟ್‌ವೇರಿನ ಇಂಟರ್‌ಲಾಕಿಗೆ ಒಪ್ಪಿಸುವುದು ನನಗೆ ಸಮ್ಮತವಲ್ಲ.

ಎರಡು ಹಂತದ ಈ ಆಜ್ಞೆ ಕೈತಪ್ಪನ್ನು ತಡೆಯುತ್ತದೆ, ಕಳ್ಳನನ್ನು ತಡೆಯುವುದಿಲ್ಲ. ಮಾರಾಟಗಾರರ ವಿವರಣೆಯಲ್ಲಿ ‘ಸುರಕ್ಷಿತ ನಿಯಂತ್ರಣ’ ಎಂಬ ಮಾತು ಬಂದಾಗ ಈ ವ್ಯತ್ಯಾಸ ಮರೆಯಾಗಿಬಿಡುತ್ತದೆ. 2015ರ ಡಿಸೆಂಬರಿನಲ್ಲಿ ಉಕ್ರೇನಿನ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ನಿರ್ವಾಹಕರ ನಿಯಂತ್ರಣ ವ್ಯವಸ್ಥೆಯ ಮೂಲಕವೇ ಬ್ರೇಕರ್‌ಗಳನ್ನು ತೆರೆದು ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲೆ ತಂದರು. ಆಯ್ಕೆ ಮಾಡಿ ಆಜ್ಞೆ ಕೊಡುವ ಕ್ರಮವನ್ನು ಪಾಲಿಸುವುದು ಅಂಥವರಿಗೆ ಕಷ್ಟದ ಕೆಲಸವಲ್ಲ. ಮಾಡ್‌ಬಸ್ ಟಿಸಿಪಿಯಲ್ಲಂತೂ ಆಜ್ಞೆ ಕಳುಹಿಸಿದವರು ಯಾರೆಂದು ಕೇಳುವ ಏರ್ಪಾಡೇ ಇಲ್ಲ. 502ನೇ ಪೋರ್ಟನ್ನು ತಲುಪಬಲ್ಲ ಯಾವ ಕಂಪ್ಯೂಟರಾದರೂ ಬರೆಯಬಹುದು. ಆದ್ದರಿಂದ ಅದನ್ನು ಮೀಟರ್ ಓದುವುದಕ್ಕೆ ಮಾತ್ರ ಉಳಿಸಿಕೊಂಡು, ನಿಯಂತ್ರಣದ ಅನುಮತಿಯನ್ನು ರಿಲೇಯಲ್ಲೇ ಮುಚ್ಚಿದ್ದೇವೆ; ರಿಲೇ ಜಾಲವನ್ನು ಕಚೇರಿಯ ಜಾಲದಿಂದ ಬೇರ್ಪಡಿಸಿ ನಡುವೆ ಫೈರ್‌ವಾಲ್ ಇಟ್ಟಿದ್ದೇವೆ.

ತಯಾರಕರಿಂದ ಬಂದಾಗ ಎಲ್ಲ ರಿಲೇಗಳಿಗೂ ಒಂದೇ ಪಾಸ್‌ವರ್ಡ್, ಅದೂ ಕೈಪಿಡಿಯಲ್ಲೇ ಅಚ್ಚಾಗಿತ್ತು. ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಅಲ್ಲೇ ಮೊಳೆಗೆ ನೇತುಹಾಕಿದಂತೆ! ನೋಡುವವರು, ನಿರ್ವಾಹಕರು, ಎಂಜಿನಿಯರ್ ಎಂಬ ಬೇರೆ ಬೇರೆ ಅಧಿಕಾರದ ಹಂತಗಳಿವೆಯಾದರೂ ಅವು ಸೆಟ್ಟಿಂಗ್ ಸಾಫ್ಟ್‌ವೇರಿಗೆ ಮತ್ತು ಮುಂಭಾಗದ ಫಲಕಕ್ಕೆ ಸೀಮಿತ. ಸಂವಹನ ಸುರಕ್ಷತೆಯ ಮಾನದಂಡವಾದ ಐಇಸಿ 62351 ಆಧಾರಿತ ದೃಢೀಕರಣವನ್ನು ನಮ್ಮ ಮಾದರಿಗೆ ಹೊಸ ಫರ್ಮ್‌ವೇರಿನೊಡನೆ ಮಾತ್ರ ಕೊಡುತ್ತಾರೆ. ಅದನ್ನು ಹಾಕಲು ಫೀಡರ್ ನಿಲ್ಲಿಸಬೇಕು, ಸೆಟ್ಟಿಂಗ್‌ಗಳನ್ನು ಮತ್ತೆ ಪರೀಕ್ಷಿಸಬೇಕು. ಆಯುಧಪೂಜೆಯ ರಜೆಯ ಹೊರತು ನಮಗೆ ಅಷ್ಟು ಬಿಡುವು ಸಿಗುವುದಿಲ್ಲ.

ರಿಲೇಗಳು ತಮ್ಮೊಳಗೆ ಮಾತನಾಡುವ ಗೂಸ್ ಸಂದೇಶಗಳನ್ನು ಒಂದೇ ಕಾರ್ಯಕ್ಕೆ ಬಳಸಿದ್ದೇವೆ. ಫೀಡರಿನಲ್ಲಿ ದೋಷ ಕಂಡ ರಿಲೇಯು ಇನ್‌ಕಮರ್ (ಎಲ್ಲ ಫೀಡರ್‌ಗಳಿಗೂ ವಿದ್ಯುತ್ ತರುವ ಮುಖ್ಯ ಮಾರ್ಗ) ರಿಲೇಯ ಶೀಘ್ರ ಟ್ರಿಪ್ಪನ್ನು ತಡೆಯುತ್ತದೆ. ತಡೆ ಬಾರದಿದ್ದರೆ ದೋಷ ಬಸ್‌ಬಾರ್‌ನಲ್ಲಿದೆ (ಫೀಡರ್‌ಗಳಿಗೆಲ್ಲ ವಿದ್ಯುತ್ ಹಂಚುವ ಲೋಹದ ಪಟ್ಟಿ) ಎಂದು ಇನ್‌ಕಮರ್ ಬೇಗನೆ ಟ್ರಿಪ್ ಆಗುತ್ತದೆ. ಫಲಿತಾಂಶ ತೃಪ್ತಿಕರ. ಆದರೆ ಜಾಲವೇ ಕೆಟ್ಟಾಗ ಏನಾಗಬೇಕೆಂಬ ತೀರ್ಮಾನವನ್ನು ರಿಲೇ ನಿಮಗೆ ಬಿಡುತ್ತದೆ. ಸಂದೇಶ ನಿಂತರೆ ಶೀಘ್ರ ಟ್ರಿಪ್ಪನ್ನು ಕೈಬಿಟ್ಟು ಸಾಮಾನ್ಯ ವಿಳಂಬಕ್ಕೆ ಮರಳುವಂತೆ ನಾವು ತರ್ಕ ಬರೆದಿದ್ದೇವೆ. ಇಡೀ ಕಾರ್ಖಾನೆ ಅಕಾರಣವಾಗಿ ನಿಲ್ಲುವುದಕ್ಕಿಂತ ಅದು ಮೇಲೆಂಬುದು ನಮ್ಮ ಎಣಿಕೆ. ಬಸ್‌ಬಾರ್ ದೋಷದ ಹಾನಿಗೆ ಹೆಚ್ಚು ಅಂಜುವವರು ಇದಕ್ಕೆ ವಿರುದ್ಧವಾಗಿ ತೀರ್ಮಾನಿಸಿಯಾರು. ಇದನ್ನು ಪ್ಯಾನೆಲ್ ಕಟ್ಟುವ ಗುತ್ತಿಗೆದಾರರ ಇಷ್ಟಕ್ಕೆ ಬಿಡಬಾರದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಹೊರಾಂಗಣದ ತಾಮ್ರದ ಕೇಬಲ್‌ಗಳ ಮೇಲಿದ್ದ ಕೆಲವು ಸಂವಹನ ಪೋರ್ಟ್‌ಗಳು ಸುಟ್ಟುಹೋದವು. ರಕ್ಷಣೆಗೆ ಏನೂ ಆಗಲಿಲ್ಲ. ಕಟ್ಟಡಗಳ ನಡುವೆ ಆಪ್ಟಿಕಲ್ ಫೈಬರ್ ಎಳೆದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ರಿಲೇಗಳ ಸಮಯ ಹೊಂದಾಣಿಕೆಗೆ ಎಸ್‌ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ವಿಧಾನ) ಸಾಕಾಗಿದೆ.

ಸೇವೆಯ ಬಗ್ಗೆ ಸಮಾಧಾನವಿಲ್ಲ. ಪಾಸ್‌ವರ್ಡ್ ಮರೆತರೆ ಕಂಪನಿಗೆ ಬರೆದು ಕಾಯಬೇಕು. ಸಂರಚನಾ ಕಡತವನ್ನು ಬೇರೆ ಕಂಪನಿಯ ಸಾಫ್ಟ್‌ವೇರಿನಲ್ಲಿ ತೆರೆದರೆ ಕೆಲವು ಹೆಸರುಗಳು ಹೊಂದುವುದಿಲ್ಲ. ಇದೇ ರಿಲೇಯನ್ನು ಕೊಳ್ಳಬೇಡಿ ಎಂದು ಇಷ್ಟಕ್ಕೇ ಹೇಳಲಾರೆ. ಕೊಳ್ಳುವುದಾದರೆ ಫರ್ಮ್‌ವೇರ್ ಆವೃತ್ತಿ, ಸಂರಚನಾ ಕಡತದ ಮೂಲ ಪ್ರತಿ, ಬಳಸದ ಪೋರ್ಟ್‌ಗಳನ್ನು ಮುಚ್ಚಿ ಒಪ್ಪಿಸುವ ಷರತ್ತು ಇವೆಲ್ಲವನ್ನೂ ಖರೀದಿ ಆದೇಶದಲ್ಲೇ ಬರೆಸಿ. ಪ್ಯಾನೆಲ್ ಬಂದು ನಿಂತ ಮೇಲೆ ಕೇಳಿದರೆ ಪ್ರತಿಯೊಂದಕ್ಕೂ ಬೇರೆ ಬಿಲ್ ಬರುತ್ತದೆ.