ದೊಡ್ಡ ಸಂಖ್ಯೆಗಳ ಹುಚ್ಚು ಇರುವವರಿಗೆ ಪಾರಿ/ಜಿಪಿ

ಗಣಿತ ಇಷ್ಟಪಡುವ ಎಲ್ಲರ ಕಂಪ್ಯೂಟರಿನಲ್ಲೂ ಇರಲೇಬೇಕಾದ ತಂತ್ರಾಂಶ ಇದು. ಫ್ರಾನ್ಸಿನ ಬೋರ್ಡೊದಲ್ಲಿ ಹುಟ್ಟಿದ್ದು, ಸಂಖ್ಯಾಸಿದ್ಧಾಂತಕ್ಕೆಂದೇ ಮಾಡಿದ್ದು, ಪೂರ್ತಿ ಉಚಿತ. ನೂರು ಅಂಕಿಯ ಸಂಖ್ಯೆ ಕೊಟ್ಟರೂ ಒಂದು ಅಂಕಿ ಬಿಡದೆ ಲೆಕ್ಕ ಮಾಡುತ್ತದೆ.

ಇದರ ಶಕ್ತಿ ಗೊತ್ತಾಗಬೇಕಾದರೆ 2ರ 67ನೇ ಘಾತದಿಂದ 1 ಕಳೆದು ನೋಡಿ. 147573952589676412927 ಬರುತ್ತದೆ, 21 ಅಂಕಿ. ಇದು ಅವಿಭಾಜ್ಯ ಅಂತ 1644ರಲ್ಲಿ ಫ್ರೆಂಚ್ ಗಣಿತಜ್ಞ ಮರ್ಸೆನ್ ಹೇಳಿದ್ದರು. ಅಲ್ಲ ಅಂತ 1876ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಲೂಕಾ ತೋರಿಸಿದರು, ಆದರೆ ಯಾವುದರಿಂದ ಭಾಗವಾಗುತ್ತದೆ ಅನ್ನೋದು ಅವರಿಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಅದನ್ನು ಬಿಡಿಸಿದರು: 193707721 ಗುಣಿಸು 761838257287. ಪಾರಿಯಲ್ಲಿ 'ಫ್ಯಾಕ್ಟರ್' ಅಂತ ಕೊಟ್ಟು ಎಂಟರ್ ಒತ್ತಿದರೆ ಇದೇ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಅಲ್ಲಿಗೇ ನಿಲ್ಲಿಸಬೇಡಿ. ಆ ಎರಡೂ ಅಪವರ್ತನಗಳಿಂದ 1 ಕಳೆದು 134ರಿಂದ ಭಾಗಿಸಿ, ಶೇಷ ಸೊನ್ನೆ! 134 ಅಂದರೆ 67ರ ಎರಡರಷ್ಟು. ಘಾತ 67 ಅವಿಭಾಜ್ಯವಾದ್ದರಿಂದ ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನ ತೆಗೆದುಕೊಂಡರೂ ಹೀಗೇ ಇರಬೇಕು, ಫರ್ಮಾನ ಸಣ್ಣ ಪ್ರಮೇಯದಿಂದ ಬರುವ ಮಾತು ಇದು. ಪುಸ್ತಕದಲ್ಲಿ ಓದೋದೇ ಬೇರೆ, 67ರ ಜಾಗದಲ್ಲಿ 11, 23, 29 ಹಾಕುತ್ತಾ ಪ್ರತಿ ಸಲವೂ ನಿಜವಾಗೋದನ್ನು ನೋಡೋದೇ ಬೇರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇನ್ನೊಂದು. ಅವಿಭಾಜ್ಯ ಅಲ್ಲ ಅಂತ ಗೊತ್ತಾಗೋದೇ ಬೇರೆ, ಅಪವರ್ತನ ಸಿಗೋದೇ ಬೇರೆ; ಲೂಕಾ ಮತ್ತು ಕೋಲ್ ನಡುವಿನ ಆ 27 ವರ್ಷಗಳ ಅಂತರ ಇಲ್ಲಿ ಕೈಗೇ ಸಿಗುತ್ತದೆ. ಬಿಡಿಸಿ ನೋಡಿ ಅಂತ ಸವಾಲಾಗಿ ಕೊಟ್ಟಿದ್ದ ಆರ್‌ಎಸ್‌ಎ-2048 ಅನ್ನೋ 617 ಅಂಕಿಯ ಸಂಖ್ಯೆಯನ್ನು ಅವಿಭಾಜ್ಯವೇ ಅಂತ ಪರೀಕ್ಷಿಸುವ 'ಈಸ್‌ಪ್ರೈಮ್'ಗೆ ಕೊಡಿ, ಅವಿಭಾಜ್ಯ ಅಲ್ಲ ಅಂತ ತಕ್ಷಣ ಹೇಳುತ್ತದೆ. ಅದನ್ನೇ 'ಫ್ಯಾಕ್ಟರ್'ಗೆ ಕೊಟ್ಟರೆ ಕಾಯುತ್ತಾ ಕೂರಬೇಕು, ಯಾಕಂದರೆ ಇವತ್ತಿನವರೆಗೂ ಜಗತ್ತಿನಲ್ಲಿ ಯಾರೂ ಅದನ್ನು ಬಿಡಿಸಿಲ್ಲ.

ಕೊರತೆಗಳೂ ಇವೆ. ಬಟನ್, ಮೆನು ಏನೂ ಇಲ್ಲ, ಖಾಲಿ ಪರದೆಯಲ್ಲಿ ಒಂದು ಪ್ರಶ್ನೆಚಿಹ್ನೆ ಅಷ್ಟೇ. ಸಹಾಯವೆಲ್ಲ ಇಂಗ್ಲಿಷಿನಲ್ಲಿ, ಹೈಸ್ಕೂಲು ಮಕ್ಕಳಿಗೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ದೊಡ್ಡ ಲೆಕ್ಕ ನಡೆಯುವಾಗ ಎಲ್ಲಿವರೆಗೆ ಬಂತು ಅಂತ ತಾನಾಗಿ ಹೇಳುವುದಿಲ್ಲ. ಮೆಮೊರಿ ಸಾಲದೆ ಸ್ಟ್ಯಾಕ್ ತುಂಬಿತು ಅಂತ ನಿಂತರೆ ಗಾಬರಿ ಬೇಡ, 'ಪಾರಿಸೈಜ್‌ಮ್ಯಾಕ್ಸ್' ಅನ್ನೋ ಮೆಮೊರಿ ಮಿತಿಯನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನೊಂದು ಮುಖ್ಯ ವಿಷಯ. 'ಫ್ಯಾಕ್ಟರ್' ಕೊಡುವ ತುಂಬಾ ದೊಡ್ಡ ಅಪವರ್ತನಗಳು ನಿಜಕ್ಕೂ ಅವಿಭಾಜ್ಯ ಅಂತ ಮೂಲ ಸೆಟ್ಟಿಂಗ್‌ನಲ್ಲಿ ಪೂರ್ತಿ ಸಾಧಿಸಿರುವುದಿಲ್ಲ, ಬಿಪಿಎಸ್‌ಡಬ್ಲ್ಯು ಅನ್ನೋ ಪರೀಕ್ಷೆಯಲ್ಲಿ ಪಾಸಾಗಿರುತ್ತವೆ ಅಷ್ಟೇ. ಆ ಪರೀಕ್ಷೆಯನ್ನು ಏಮಾರಿಸಿದ ಸಂಖ್ಯೆ ಇದುವರೆಗೆ ಒಂದೂ ಸಿಕ್ಕಿಲ್ಲ, ನಿಜ. ಆದರೂ ಖಚಿತ ಸಾಧನೆ ಬೇಕಿದ್ದರೆ ಒಂದೊಂದನ್ನೂ 'ಈಸ್‌ಪ್ರೈಮ್'ಗೆ ಕೊಟ್ಟು ನೋಡಿ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಯಾರಾದರೂ ಕನ್ನಡದಲ್ಲಿ ಒಂದು ಕೈಪಿಡಿ ಬರೆದುಕೊಟ್ಟರೆ ಉಳಿದ ಅರ್ಧವನ್ನೂ ಸೇರಿಸುತ್ತೇನೆ.