ಎಕ್ಸ್11 ಬಿಟ್ಟು ವೇಲ್ಯಾಂಡ್‌ಗೆ: ಒಂದು ಡಿಟಿಪಿ ಅಂಗಡಿ ಲೆಕ್ಕಾಚಾರ

ಲಿನಕ್ಸ್ ಕಂಪ್ಯೂಟರ್‌ನ್ಯಾಗ ಸ್ಕ್ರೀನ್ ಮ್ಯಾಲೆ ವಿಂಡೋ ತೋರಿಸಿ, ಕೀಲಿ, ಮೌಸ್ ಒತ್ತಿದ್ದನ್ನ ಅಪ್ಲಿಕೇಶನ್‌ಗೆ ಮುಟ್ಟಿಸೋ ವ್ಯವಸ್ಥಾ ಎರಡು: ಹಳೇದು ಎಕ್ಸ್11, ಹೊಸದು ವೇಲ್ಯಾಂಡ್. ಮೊದಲೇ ಹೇಳಿಬಿಡ್ತೀನಿ, ನಂದು ವೇಲ್ಯಾಂಡ್ ಪಾರ್ಟಿ, ಅದೂ ಕೆಡಿಇ ಪ್ಲಾಸ್ಮಾ ಅನ್ನೋ ಡೆಸ್ಕ್‌ಟಾಪ್ ಮ್ಯಾಲಿನ ವೇಲ್ಯಾಂಡ್. ಎಕ್ಸ್11 ಅಭಿಮಾನಿಗಳು ಬೈಯೋದಿದ್ರ ಇಲ್ಲೇ ಬೈದು ಮುಂದ ಓದ್ರಿ. ಗಂಗಾವತಿ ಒಳಗ ಸಣ್ಣದೊಂದು ಡಿಟಿಪಿ ಅಂಗಡಿ ನಂದು. ಲಗ್ನಪತ್ರಿಕೆ, ಬ್ಯಾನರ್, ಅಕ್ಕಿ ಮಿಲ್‌ನೋರ ಚೀಲದ ಡಿಸೈನು, ನಡುನಡುವೆ ಆನ್‌ಲೈನ್ ಅರ್ಜಿ ತುಂಬೋ ಕೆಲಸ. ಎಲ್ಲಾ ಲಿನಕ್ಸ್ ಮ್ಯಾಲೇ ನಡೀತೈತಿ, ಡಿಸೈನಿಗೆ ಇಂಕ್‌ಸ್ಕೇಪ್, ಫೋಟೋಕ್ಕ ಗಿಂಪ್, ಬರಹಕ್ಕ ಲಿಬ್ರೆಆಫೀಸ್, ಬ್ರೌಸರ್, ಇಷ್ಟಿದ್ರ ನಮ್ಮ ಸಂಸಾರ ಸಾಗ್ತದ.

ಈ ಹೋಲಿಕೆ ಹುಟ್ಟಿದ್ದೇ ಒಂದು ಮಾನಿಟರ್ ತಗೊಂಡಿದ್ದಕ್ಕ. ಆಫರ್‌ನ್ಯಾಗ 27 ಇಂಚಿನ 4ಕೆ ಮಾನಿಟರ್ ಸಿಕ್ತು, ಪಕ್ಕಕ್ಕ ಹಳೇ 21 ಇಂಚಿನ ಫುಲ್ ಎಚ್‌ಡಿ ಇಟ್ಟುಕೊಂಡೆ. ಎಕ್ಸ್11ನ್ಯಾಗ ಹಚ್ಚಿ ನೋಡಿದ್ರ ಹೊಸದರಾಗ ಮೆನು ಅಕ್ಷರ ಇರುವೆ ಸಾಲು. ಸರಿ ಅಂತ ಸ್ಕೇಲ್, ಅಂದ್ರ ಅಕ್ಷರ, ಬಟನ್ ಅಳತಿ, 150% ಮಾಡಿದ್ರ ಹಳೇ ಮಾನಿಟರ್‌ನ್ಯಾಗ ಒಂದೊಂದು ಬಟನ್ನೂ ದೊಡ್ಡದಾಗಿ ಅರ್ಧ ಸ್ಕ್ರೀನ್ ಅದಕ್ಕೇ ಹೋತು. ಎಕ್ಸ್11ಗೆ ಎರಡೂ ಸ್ಕ್ರೀನ್ ಕೂಡಿ ಒಂದೇ ದೊಡ್ಡ ಹಾಳೆ ಇದ್ದಂಗ, ಸ್ಕೇಲ್ ಅಂದ್ರ ಎಲ್ಲಾ ಕಡೆ ಒಂದೇ. ಎಕ್ಸ್‌ರ್‍ಯಾಂಡರ್ ಕಮಾಂಡ್ ಕೊಟ್ಟು ಒಂದನ್ನ ಹಿಗ್ಗಿಸಿ ಸರಿಮಾಡಬಹುದು ಅಂತಾರ, ಮಾಡಬಹುದು ಖರೆ, ಅಕ್ಷರ ಮಸುಕು. ಲಗ್ನಪತ್ರಿಕೆ ಪ್ರೂಫ್ ನೋಡೋರಿಗೆ ಮಸುಕು ಅಕ್ಷರ ತೋರಿಸ್ಲಿಕ್ಕಾಗ್ತದೇನ್ರಿ? ಪ್ಲಾಸ್ಮಾ ವೇಲ್ಯಾಂಡ್‌ನ್ಯಾಗ ಸೆಟ್ಟಿಂಗ್ಸ್ ತೆಗೆದು ಇದಕ್ಕ 150, ಅದಕ್ಕ 100 ಅಂತ ಕೊಟ್ಟೆ, ಮುಗೀತು. ವಿಂಡೋ ಒಂದರಿಂದ ಇನ್ನೊಂದಕ್ಕ ಎಳೆದ್ರ ತಾನೇ ಅಳತಿ ಬದಲಿ ಆಗ್ತದ. ಮಾನಿಟರ್ ರೊಕ್ಕ ಅವತ್ತೇ ವಸೂಲಾತು.

ಎಕ್ಸ್ ಸಿಸ್ಟಮ್ ಎಂಐಟಿಯೊಳಗ 1984ರಾಗ ಶುರು ಆಗಿದ್ದು, 11ನೇ ಆವೃತ್ತಿ ಬಂದಿದ್ದು 1987ಕ್ಕ. ಆಗ ಎರಡು ಥರದ ಮಾನಿಟರ್ ಇಟ್ಟುಕೊಂಡು ಕೂಡೋ ನನ್ನಂಥೋನ ಬಗ್ಗೆ ಯಾರು ಯೋಚನೆ ಮಾಡಿರ್ತಾರ. 2008ರಾಗ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ವೇಲ್ಯಾಂಡ್ ಶುರು ಮಾಡಿದ್ರು, ಅವರೂ ಎಕ್ಸ್ ಮ್ಯಾಲೇ ಕೆಲಸ ಮಾಡಿದೋರು. ಅದಕ್ಕ "ಹೊಸ ಹುಡುಗ್ರು ಹಳೇದನ್ನ ಹಾಳು ಮಾಡ್ಯಾರ" ಅನ್ನೋ ವಾದ ನನಗ ಪಟಾಯ್ಸಂಗಿಲ್ಲ.

ಇನ್ನ ನನ್ನ ತಲಿ ತಿಂದ ವಿಷಯಕ್ಕ ಬರ್ತೀನಿ. ಕನ್ನಡ ಟೈಪಿಂಗ್.

ನಾನು ಕಗಪ ಲೇಔಟ್‌ನೋನು, ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಒಳಗ ಎಂ17ಎನ್ ಅನ್ನೋ ಭಾಷಾ ಜೋಡಣೆ ಹಾಕಿಕೊಂಡು ಒತ್ತಕ್ಷರಕ್ಕ ಎಫ್ ಕೀಲಿ ಹೊಡೆಯೋದು ಕೈಗೆ ಕೂತುಬಿಟ್ಟೈತಿ. ಎಕ್ಸ್11ನ್ಯಾಗ ಇದು ಎಂದೂ ಕೈಕೊಟ್ಟಿಲ್ಲ. ವೇಲ್ಯಾಂಡ್‌ಗೆ ಬಂದ ಮ್ಯಾಲೆ ಲಿಬ್ರೆಆಫೀಸ್‌ನ್ಯಾಗ ಕನ್ನಡ ಬರ್ತದ, ಬ್ರೌಸರ್‌ನ್ಯಾಗ ಬರೀ ಇಂಗ್ಲಿಷ್! ಅರ್ಜಿ ತುಂಬಿಸ್ಲಿಕ್ಕೆ ಬಂದ ಯಜಮಾನ್ರೊಬ್ರು ಎದುರಿಗೆ ಕೂತಾರ, ನಾನು ಅವರ ಹೆಸರು ಹೊಡೀತೀನಿ, ಸ್ಕ್ರೀನ್ ಮ್ಯಾಲೆ ಎಬಿಸಿಡಿ. "ಯಾಕ ತಮ್ಮಾ, ಕನ್ನಡ ಬರಂಗಿಲ್ಲೇನು?" ಅಂದ್ರು. ಲಿಬ್ರೆಆಫೀಸ್‌ನ್ಯಾಗ ಹೊಡೆದು, ಕಾಪಿ ಮಾಡಿ, ಬ್ರೌಸರ್‌ನ್ಯಾಗ ಪೇಸ್ಟ್ ಮಾಡಿ ಅವರನ್ನ ಸಾಗ ಹಾಕಿದೆ. ದಿನಾ ಹಿಂಗ ಮಾಡಿದ್ರ ಅಂಗಡಿ ಬಾಗಿಲಾ ಹಾಕಬೇಕು.

ಆಗೋದೇನಂದ್ರ, ಎಕ್ಸ್11ನ್ಯಾಗ ಐಬಸ್ ಸೀದಾ ಅಪ್ಲಿಕೇಶನ್ ಜೊತಿಗೇ ಮಾತಾಡ್ತದ. ವೇಲ್ಯಾಂಡ್‌ನ್ಯಾಗ ಕೀಲಿ ಒತ್ತಿದ್ದೆಲ್ಲಾ ಮೊದಲು ಕಂಪೋಸಿಟರ್, ಅಂದ್ರ ವಿಂಡೋ ಎಲ್ಲಾ ಕೂಡಿಸಿ ಸ್ಕ್ರೀನ್ ಮ್ಯಾಲೆ ತೋರಿಸೋ ಪ್ರೋಗ್ರಾಂ, ಅದರ ಕೈಗೆ ಹೋಗ್ತದ, ಕೆಡಿಇ ಆದ್ರ ಕೆವಿನ್, ಗ್ನೋಮ್ ಅನ್ನೋ ಇನ್ನೊಂದು ಡೆಸ್ಕ್‌ಟಾಪ್ ಆದ್ರ ಮಟರ್. ಐಬಸ್ ತನ್ನ ಹೆಸರು ಅಲ್ಲಿ ನೋಂದಾಯಿಸ್ಬೇಕು, ಅಪ್ಲಿಕೇಶನ್ನೂ ಟೆಕ್ಸ್ಟ್-ಇನ್‌ಪುಟ್ ಅನ್ನೋ ಪ್ರೋಟೋಕಾಲ್ (ಮಾತುಕತೆ ನಿಯಮ) ಹಿಡಕೊಂಡು ಅಲ್ಲಿಗೇ ಬರ್ಬೇಕು. ಆ ಪ್ರೋಟೋಕಾಲ್‌ದಾಗೂ ಒಂದನೇದು, ಮೂರನೇದು ಅಂತ ಬೇರೆ ಬೇರೆ ಆವೃತ್ತಿ ಅದಾವ, ಒಬ್ಬರದು ಇನ್ನೊಬ್ಬರಿಗೆ ತಿಳೀದಿದ್ರ ಕನ್ನಡ ನಡುವೇ ಬಿದ್ದು ಹೋಗ್ತದ.

ಪರಿಹಾರ ಸಣ್ಣದು, ಆದ್ರ ಅದನ್ನ ಇಟ್ಟಿರೋ ಜಾಗ ನೋಡ್ರಿ. ಪ್ಲಾಸ್ಮಾ ಸೆಟ್ಟಿಂಗ್ಸ್‌ನ್ಯಾಗ ಕೀಬೋರ್ಡ್ ಒಳಗ "ವರ್ಚುವಲ್ ಕೀಬೋರ್ಡ್" ಅಂತ ಐತಿ, ಅಲ್ಲಿ "ಐಬಸ್ ವೇಲ್ಯಾಂಡ್" ಆರಿಸ್ಬೇಕು. ವರ್ಚುವಲ್ ಕೀಬೋರ್ಡ್ ಅಂದ್ರ ಟಚ್ ಸ್ಕ್ರೀನ್‌ನೋರಿಗೆ ಅಂತ ನಾನು ಆ ಕಡೆ ಹಾಯ್ದೇ ಇರಲಿಲ್ಲ, ಕಗಪ ಹೊಡಿಯೋನು ಅದನ್ನ ಅಲ್ಲಿ ಯಾಕ ಹುಡುಕ್ತಾನ? ಆಮೇಲೆ ಹಳೇ ಪಾಠ ನೋಡಿ ಜಿಟಿಕೆ, ಕ್ಯೂಟಿಗೆ (ಅಪ್ಲಿಕೇಶನ್ ಕಟ್ಟಲಿಕ್ಕೆ ಬಳಸೋ ಟೂಲ್‌ಕಿಟ್‌ಗಳು) ಅಂತ ಹಾಕಿದ್ದ ಐಎಂ ಮಾಡ್ಯೂಲ್ (ಟೈಪಿಂಗ್ ಸೆಟ್ಟಿಂಗ್) ಸಾಲುಗಳನ್ನ ತೆಗೀಬೇಕು. ಕ್ರೋಮಿಯಂ ಜಾತಿ (ಕ್ರೋಮ್ ಥರದ) ಬ್ರೌಸರ್ ಹಳೇದಿದ್ರ ವೇಲ್ಯಾಂಡ್ ಐಎಂಇ ಅನ್ನೋ ಆಪ್ಷನ್ ಬೇರೆ ಆನ್ ಮಾಡಿ ಚಾಲೂ ಮಾಡ್ಬೇಕು. ಇಷ್ಟಾದ ಮ್ಯಾಲೆ ಈಗ ಎಲ್ಲಾ ಕಡೆ ಕನ್ನಡ ಸರಾಗ. ಐಬಸ್ಸೇ ಬ್ಯಾಡ ಅನ್ನೋರಿಗೆ ಸಿಸ್ಟಮ್ ಕೀಬೋರ್ಡ್ ಪಟ್ಟಿಯೊಳಗ ಕನ್ನಡದ ಮಾಮೂಲಿ ಲೇಔಟೂ ಐತಿ, ಕಗಪನೂ ಐತಿ, ಅವು ಎಕ್ಸ್11 ಆಗ್ಲಿ ವೇಲ್ಯಾಂಡ್ ಆಗ್ಲಿ ತಕರಾರಿಲ್ದೆ ನಡೀತಾವ. ಆದ್ರ ಆ ಕಗಪದಾಗ ಪದದ ಶುರುವಿನ ಇ, ಎ ಥರದ ಸ್ವರಕ್ಕ ಬಲಗಡೆ ಆಲ್ಟ್ ಹಿಡೀಬೇಕು, ನನ್ನ ಕೈ ಒಪ್ಪಲಿಲ್ಲ.

ಈ ಒಂದು ವಿಷಯದಾಗ ಗ್ನೋಮ್‌ಗೆ ಫುಲ್ ಮಾರ್ಕ್ಸ್ ಕೊಡ್ಲೇಬೇಕು. ಐಬಸ್ ಅದರೊಳಗೇ ಕೂತೈತಿ, ಇನ್‌ಪುಟ್ ಸೋರ್ಸ್‌ಗೆ ಹೋಗಿ ಕನ್ನಡ ಸೇರಿಸಿದ್ರ ಸಾಕು. ಮತ್ತ ಯಾಕ ಬಿಟ್ಟೆ? ಮಿನಿಮೈಜ್ ಬಟನ್ ಇಲ್ಲ ಮಾರಾಯ್ರ! ಫೆಡೋರಾ ಅನ್ನೋ ಲಿನಕ್ಸ್‌ನ್ಯಾಗ ಬರೋ ಮಾಮೂಲಿ ಗ್ನೋಮ್‌ನ್ಯಾಗ ಬರೇ ಕ್ಲೋಸ್ ಬಟನ್. ಅಂಗಡಿಗೆ ಬರೋ ಹುಡುಗ ವಿಂಡೋ ಕೆಳಗಿಳಿಸ್ಲಿಕ್ಕೆ ಅಂತ ಅದನ್ನೇ ಒತ್ತಿಬಿಡ್ತಿದ್ದ. ಎಕ್ಸ್‌ಟೆನ್ಶನ್, ಟ್ವೀಕ್ಸ್ ಅಂತ ಹಚ್ಚಿಕೊಂಡು ಕೂಡೋ ವಯಸ್ಸು ನಂದಲ್ಲ.

ಎಕ್ಸ್11 ಗೆದ್ದಿದ್ದು ರಿಮೋಟ್ ಕೆಲಸದಾಗ. ಸಿಂಧನೂರಿನ ನಮ್ಮ ಮಾವನ ಅಂಗಡಿ ಕಂಪ್ಯೂಟರ್ ಇಲ್ಲಿಂದಲೇ ರಿಪೇರಿ ಮಾಡ್ತೀನಿ. ವೇಲ್ಯಾಂಡ್ ಇದ್ರ ಸ್ಕ್ರೀನ್ ತೋರಿಸ್ಲಿಕ್ಕೆ ಆ ಕಡೆ ಯಾರಾದ್ರೂ ಪರ್ಮಿಷನ್ ಒತ್ತಬೇಕಾಗ್ತದ, ಮಾವ ಊಟಕ್ಕ ಹೋಗಿದ್ರ ಕೆಲಸ ನಿಂತಂಗ. ಸುರಕ್ಷತೆ ಲೆಕ್ಕದಾಗ ಇದು ಸರಿ ಐತಿ, ಎಕ್ಸ್11ನ್ಯಾಗ ಯಾವ ಅಪ್ಲಿಕೇಶನ್ ಬೇಕಾದ್ರೂ ಇನ್ನೊಂದರಾಗ ಹೊಡೆಯೋ ಪಾಸ್‌ವರ್ಡ್ ಕದ್ದು ನೋಡಬಹುದು. ಗ್ನೋಮ್‌ನೋರೂ ಕೆಡಿಇನೋರೂ ತಮ್ಮದೇ ಆರ್‌ಡಿಪಿ (ದೂರದಿಂದ ಸ್ಕ್ರೀನ್ ನಡಿಸೋ ದಾರಿ) ಕೊಟ್ಟಾರ. ಮಾವನ ಮಷಿನ್ ಮಾತ್ರ ಸದ್ಯಕ್ಕ ಎಕ್ಸ್11ನ್ಯಾಗೇ ಇರಲಿ.

ಉಳಿದವು ಚೂರು ಚೂರು. ಬಾಗಿಲಾ ತೆಗೆದು ಕಂಪ್ಯೂಟರ್ ಹಚ್ಚಿದ್ರ ವಿಂಡೋಗಳು ನಿನ್ನಿ ಜಾಗಕ್ಕ ಬರಂಗಿಲ್ಲ, ವೇಲ್ಯಾಂಡ್‌ನ್ಯಾಗ ಅಪ್ಲಿಕೇಶನ್ ತನ್ನ ಜಾಗ ತಾನೇ ಹೇಳಂಗಿಲ್ಲ, ಕಿರಿಕಿರಿ. ಕೀಲಿ, ಮೌಸ್ ತಾನೇ ಒತ್ತಿಸೋ ಎಕ್ಸ್‌ಡೂಟೂಲ್ ಸ್ಕ್ರಿಪ್ಟ್‌ಗಳು ಸತ್ತುವು. ಗಿಂಪ್ 2.10 ಹಳೇ ಜಿಟಿಕೆದು, ಎಕ್ಸ್11 ಅಪ್ಲಿಕೇಶನ್‌ಗಳನ್ನ ವೇಲ್ಯಾಂಡ್‌ನ್ಯಾಗ ಓಡಿಸೋ ಎಕ್ಸ್‌ವೇಲ್ಯಾಂಡ್ ಮ್ಯಾಲೆ ಓಡ್ತದ. 2025ರಾಗ ಬಂದ 3.0 ಸೀದಾ ಓಡ್ತದ. ಪ್ರಿಂಟರ್‌ಗೂ ಈ ಜಗಳಕ್ಕೂ ಸಂಬಂಧ ಇಲ್ಲ. ವಿಡಿಯೋ ನಡುವೆ ಹರಿದಂಗ ಗೆರಿ ಬೀಳೋದು ಪೂರಾ ನಿಂತೈತಿ. ಹಳೇ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ನೋರು ಮಾತ್ರ ಅವಸರ ಮಾಡಬ್ಯಾಡ್ರಿ. ವಿಂಡೋ ಮಿಣುಕೋದನ್ನ ನಿಲ್ಲಿಸಿದ ಎಕ್ಸ್‌ಪ್ಲಿಸಿಟ್ ಸಿಂಕ್ ಅನ್ನೋ ಸೌಲಭ್ಯ ಬಂದಿದ್ದು 2024ರ 555 ಡ್ರೈವರ್‌ನ್ಯಾಗ, ಜಿಟಿ 710 ಥರದವು 470ನೇ ಡ್ರೈವರ್‌ಗೇ ನಿಂತಾವ. ನಂದು ಇಂಟೆಲ್, ಬಚಾವ್.

ವಾದ ಎಷ್ಟು ಮಾಡಿದ್ರೂ ಬಂಡಿ ಮುಂದ ಹೋಗೈತಿ. ಉಬುಂಟು 25.10ರಾಗ ಗ್ನೋಮ್‌ನ ಎಕ್ಸ್11 ಸೆಶನ್ ತೆಗೆದುಹಾಕ್ಯಾರ, ರೆಡ್ ಹ್ಯಾಟ್ ಲಿನಕ್ಸ್ 10ನೇದರಾಗ ಎಕ್ಸ್ ಸರ್ವರ್ರೇ ಇಲ್ಲ, ಪ್ಲಾಸ್ಮಾ 6.8 ಪೂರಾ ವೇಲ್ಯಾಂಡ್ ಅಂತ ಕೆಡಿಇನೋರು ಹೇಳ್ಯಾರ. ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್‌ನ 4.20ರಾಗ ವೇಲ್ಯಾಂಡ್ ಇನ್ನೂ ಪ್ರಯೋಗದ ಮಟ್ಟದಾಗ ಐತಿ.

ನನ್ನ ಮಟ್ಟಿಗೆ, ಡಿಸೈನ್ ಮಷಿನ್ ಪ್ಲಾಸ್ಮಾ ವೇಲ್ಯಾಂಡ್. ಅರ್ಜಿ ತುಂಬೋ 4 ಜಿಬಿ ರ್‍ಯಾಮಿನ ಹಳೇ ಡಬ್ಬಿಗೆ ಲಿನಕ್ಸ್ ಮಿಂಟ್ 22 ಎಕ್ಸ್‌ಎಫ್‌ಸಿಇ, ಎಕ್ಸ್11. ಅದಕ್ಕ 2029ರ ತನಕ ಅಪ್‌ಡೇಟ್ ಬರ್ತದ, ಅಷ್ಟು ದಿನ ಆ ಮದರ್‌ಬೋರ್ಡ್ ಬಾಳಿದ್ರ ಆಮೇಲಿಂದು ಆಮೇಲೆ ನೋಡಿಕೊಳ್ಳೋಣ.