ನಿಂತುಹೋದ ಉಪಸಮಿತಿಯನ್ನು ಬಾಯಿಮಾತಲ್ಲಿ ಮುಚ್ಚಬೇಡಿ

ನಿಮ್ಮ ಸಂಘದ ಪಟ್ಟಿಯಲ್ಲಿ ಹೆಸರಿಗೆ ಮಾತ್ರ ಉಳಿದಿರುವ ಉಪಸಮಿತಿ ಒಂದಾದರೂ ಇರಬಹುದು. ಸಂಚಾಲಕರ ಹೆಸರಿದೆ, ಸದಸ್ಯರ ಹೆಸರಿದೆ, ಸಭೆ ಸೇರಿ ಮಾತ್ರ ವರ್ಷಗಳಾಗಿವೆ. ಅದನ್ನು ಮುಚ್ಚಿಬಿಡೋಣ ಅನ್ನುವ ಮಾತು ನಿಮ್ಮಲ್ಲೂ ಬಂದಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನಾನಿರುವ ಸಂಘದಲ್ಲಿ ಇಂಥದ್ದೇ ಒಂದು ಉಪಸಮಿತಿಯನ್ನು ಸಭೆ ಮುಗಿಯುವ ಹೊತ್ತಿಗೆ ಎರಡು ಮಾತಲ್ಲಿ ಮುಚ್ಚಿದರು. ಅದರ ಪರಿಣಾಮವನ್ನು ಹೊಸ ಕಾರ್ಯಕಾರಿ ಸಮಿತಿ ತನ್ನ ಅವಧಿಯ ಬಹುಪಾಲು ಅನುಭವಿಸಿತು. ಆ ಕಾಗದಪತ್ರ ಸರಿಮಾಡುವ ಕೆಲಸಕ್ಕೆ ಕೂತವರಲ್ಲಿ ನಾನೂ ಇದ್ದೆ. ಸಂಘದ ಹೆಸರು ಇಲ್ಲಿ ಬೇಡ.

ಅದು ವಿದ್ಯಾರ್ಥಿ ನೆರವು ಉಪಸಮಿತಿ. ದುಡಿಯುವವರನ್ನು ಕಳೆದುಕೊಂಡ ಸದಸ್ಯರ ಮನೆಯ ಮಕ್ಕಳಿಗೆ ಓದಲು ನೆರವಾಗಲಿ ಅಂತ ಶುರು ಮಾಡಿದ್ದು. ಅದಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ರಸೀದಿ ಪುಸ್ತಕ, ಬೇರೆ ಇಮೇಲ್ ವಿಳಾಸ ಎಲ್ಲ ಇತ್ತು. ಮೊದಲು ತುಂಬಾ ಚೆನ್ನಾಗಿ ನಡೆಯಿತು. ಆಮೇಲೆ ಸಂಚಾಲಕರು ಊರು ಬಿಟ್ಟು ಹೋದರು. ಇಬ್ಬರು ಸದಸ್ಯರು ಬಿಟ್ಟರು. ಅವರ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಆಗದೆ ಸಭೆಗಳು ನಿಂತವು. ವಾರ್ಷಿಕ ವರದಿಯಲ್ಲಿ ಮಾತ್ರ ‘ಉಪಸಮಿತಿಯ ಕೆಲಸ ಮುಂದುವರಿದಿದೆ’ ಅನ್ನುವ ಸಾಲು ಹಿಂದಿನ ವರ್ಷದ ವರದಿಯಿಂದ ಹಾಗೇ ಬರುತ್ತಿತ್ತು. ಸದಸ್ಯರು ಅದನ್ನೇ ನಂಬಿದ್ದರು. ನಂಬದೇ ಇರಲು ಅವರಿಗೆ ಕಾರಣವೂ ಇರಲಿಲ್ಲ.

ಒಂದು ಕಾರ್ಯಕಾರಿ ಸಮಿತಿ ಸಭೆಯಲ್ಲಿ, ‘ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು’ ಅನ್ನುವ ಕೊನೆಯ ಕಲಮಿನಡಿ ಈ ಮಾತು ಬಂತು. ಅಜೆಂಡಾದಲ್ಲಿ ಇರಲಿಲ್ಲ. ಯಾರೋ ‘ಇದನ್ನು ಸುಮ್ನೆ ಯಾಕೆ ಇಟ್ಟುಕೊಂಡಿದ್ದೀವಿ’ ಅಂದರು. ಉಳಿದವರು ಹೌದು ಅಂದರು. ನಡಾವಳಿ ಪುಸ್ತಕದಲ್ಲಿ ‘ಉಪಸಮಿತಿಯನ್ನು ರದ್ದುಪಡಿಸಲಾಯಿತು’ ಅಂತ ಬರೆದರು. ಅಷ್ಟೇ. ಹಣ ಏನಾಗಬೇಕು, ದಾಖಲೆ ಯಾರ ಹತ್ತಿರ ಇರಬೇಕು, ಬಾಕಿ ಕೆಲಸ ಯಾರು ನೋಡಬೇಕು, ಸದಸ್ಯರಿಗೆ ಯಾರು ಹೇಳಬೇಕು, ಒಂದೂ ಇಲ್ಲ. ಹಳೆಯ ಸಂಚಾಲಕರಿಗೂ ಪತ್ರ ಹೋಗಲಿಲ್ಲ. ತಾವು ಕಟ್ಟಿದ ಕೆಲಸ ಮುಚ್ಚಿಹೋದದ್ದು ಅವರಿಗೆ ಬೇರೆಯವರ ಬಾಯಿಂದ ಗೊತ್ತಾಯಿತು.

ಮುಂದೆ ಒಂದೊಂದೇ ಹೊರಗೆ ಬಂತು.

ಮೊದಲು ಬ್ಯಾಂಕ್. ಆ ಖಾತೆಗೆ ಇಬ್ಬರ ಜಂಟಿ ಸಹಿ ಬೇಕಿತ್ತು. ಒಬ್ಬರು ತೀರಿಕೊಂಡಿದ್ದರು. ಬ್ಯಾಂಕಿನವರು ಸಂಘದ ನಿರ್ಣಯದ ಪ್ರತಿ ಕೇಳಿದರು. ನಿರ್ಣಯದಲ್ಲಿ ಖಾತೆಯ ಮಾತೇ ಇಲ್ಲ, ಇನ್ನು ಮುಂದೆ ಯಾರು ಸಹಿ ಹಾಕಬೇಕು ಅಂತಲೂ ಇಲ್ಲ. ಹಣ ತೆಗೆಯುವ ಹಾಗಿಲ್ಲ, ಖಾತೆ ಮುಚ್ಚುವ ಹಾಗೂ ಇಲ್ಲ. ಇದರ ನಡುವೆ ಒಬ್ಬ ದಾನಿಯ ಖಾತೆಯಿಂದ ಪ್ರತಿ ತಿಂಗಳು ದುಡ್ಡು ಬಂದು ಬೀಳುತ್ತಲೇ ಇತ್ತು. ತಮ್ಮ ಹಣದಿಂದ ಮಕ್ಕಳು ಓದುತ್ತಿದ್ದಾರೆ ಅಂತ ಅವರು ತಿಳಿದಿದ್ದರು.

ಉಪಸಮಿತಿಯೇ ಇಲ್ಲ ಅಂದಮೇಲೆ ಆ ದುಡ್ಡನ್ನು ಕಟ್ಟಡದ ರಿಪೇರಿಗೆ ಹಾಕೋಣ ಅನ್ನುವ ಸಲಹೆ ಬಂತು. ಲೆಕ್ಕ ಪರಿಶೋಧಕರು ತಡೆದರು. ಅವರು ತಡೆದದ್ದು ಸರಿ. ಒಂದು ಉದ್ದೇಶ ಹೇಳಿ ಜನರಿಂದ ತೆಗೆದುಕೊಂಡ ಹಣ ಆ ಉದ್ದೇಶಕ್ಕೇ ಮೀಸಲು. ಉಪಸಮಿತಿ ಮುಚ್ಚಿದ ಮಾತ್ರಕ್ಕೆ ಅದು ಸಂಘದ ಸಾಮಾನ್ಯ ನಿಧಿ ಆಗುವುದಿಲ್ಲ. ಬೇರೆ ಕೆಲಸಕ್ಕೆ ಬಳಸಬೇಕಾದರೆ ಕೊಟ್ಟವರ ಒಪ್ಪಿಗೆ ಬೇಕು, ಅಥವಾ ನಿಮ್ಮಲ್ಲಿನ ಕಾನೂನು ಹೇಳುವ ದಾರಿಯಲ್ಲಿ ಹೋಗಬೇಕು.

ಆಮೇಲೆ ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ನೋಡಿದೆವು. ಆ ಉಪಸಮಿತಿಯ ಹೆಸರು ಬೈಲಾದಲ್ಲೇ ಇತ್ತು. ಅಂದರೆ ಅದನ್ನು ಹುಟ್ಟಿಸಿದ್ದು ಸರ್ವಸದಸ್ಯರ ಸಭೆ. ಕಾರ್ಯಕಾರಿ ಸಮಿತಿಗೆ ಅದನ್ನು ತೆಗೆಯುವ ಅಧಿಕಾರವೇ ಇರಲಿಲ್ಲ. ಬೈಲಾ ತಿದ್ದುಪಡಿ ಆಗದೆ ಅದು ಹೋಗುವುದಿಲ್ಲ. ಹಾಗಾಗಿ ಇಷ್ಟು ದಿನ ‘ರದ್ದಾಗಿದೆ’ ಅಂದುಕೊಂಡದ್ದು ಕಾಗದದ ಮೇಲೆ ರದ್ದೇ ಆಗಿರಲಿಲ್ಲ.

ಇವೆಲ್ಲ ಕಾಗದದ ತೊಂದರೆ. ಕೊನೆಗೆ ಸಿಕ್ಕಿದ್ದು ಹಾಗಲ್ಲ. ಇಮೇಲಿನ ಪಾಸ್‌ವರ್ಡ್ ಹಳೆಯ ಸದಸ್ಯರೊಬ್ಬರ ಹತ್ತಿರ ಉಳಿದಿತ್ತು. ಹೇಗೋ ಹುಡುಕಿ ತೆಗೆಸಿದೆವು. ಒಳಗೆ ಮಕ್ಕಳ ಅರ್ಜಿಗಳು ಹಾಗೇ ಕೂತಿದ್ದವು. ಅಂಕಪಟ್ಟಿ, ಶುಲ್ಕದ ಚೀಟಿ, ತಂದೆಯ ಮರಣ ಪತ್ರ, ಎಲ್ಲ ಜೋಡಿಸಿ ಕಳಿಸಿದ್ದರು. ಒಬ್ಬ ತಾಯಿ ಮತ್ತೆ ಮತ್ತೆ ಬರೆದಿದ್ದರು. ಕೊನೆಯ ಪತ್ರದಲ್ಲಿ ಅವರು ಕೇಳಿದ್ದು ದುಡ್ಡಲ್ಲ. ಆಗುವುದಿಲ್ಲ ಅಂದರೆ ಅದನ್ನಾದರೂ ತಿಳಿಸಿ, ಬೇರೆ ಕಡೆ ಕೇಳುತ್ತೇನೆ ಅಂತ ಬರೆದಿದ್ದರು. ನಾವು ಅದನ್ನು ಓದುವ ಹೊತ್ತಿಗೆ ಆ ಶೈಕ್ಷಣಿಕ ವರ್ಷವೇ ಮುಗಿದಿತ್ತು. ಹಣ ಖಾತೆಯಲ್ಲಿತ್ತು, ಅರ್ಜಿ ಪೆಟ್ಟಿಗೆಯಲ್ಲಿತ್ತು, ನಡುವೆ ಯಾರೂ ಇರಲಿಲ್ಲ. ನನಗೆ ಈ ಬರಹ ಬರೆಯಬೇಕು ಅನ್ನಿಸಿದ್ದು ಆ ಪತ್ರದಿಂದ.

ಹಾಗಾದರೆ ಸರಿಯಾಗಿ ಮುಚ್ಚುವುದು ಹೇಗೆ? ಮೊದಲ ಪ್ರಶ್ನೆ ಒಂದೇ: ಇದನ್ನು ಹುಟ್ಟಿಸಿದ್ದು ಯಾರು? ಹುಟ್ಟಿಸಿದವರೇ ಮುಚ್ಚಬೇಕು. ಕಾರ್ಯಕಾರಿ ಸಮಿತಿ ತನ್ನ ನಿರ್ಣಯದಿಂದ ಮಾಡಿದ್ದರೆ ಅದೇ ಇನ್ನೊಂದು ನಿರ್ಣಯದಿಂದ ತೆಗೆಯಬಹುದು. ಸರ್ವಸದಸ್ಯರ ಸಭೆ ಮಾಡಿದ್ದರೆ ಅಲ್ಲಿಗೇ ಹೋಗಬೇಕು. ಬೈಲಾದಲ್ಲಿ ಹೆಸರಿದ್ದರೆ ತಿದ್ದುಪಡಿ. ಹಾಗೆಯೇ ಅದು ಕಾಯಂ ಆಗಿ ಇರುವ ಸ್ಥಾಯಿ ಸಮಿತಿಯೋ, ಒಂದೇ ಕೆಲಸಕ್ಕೆ ಮಾಡಿದ ವಿಶೇಷ ಸಮಿತಿಯೋ ನೋಡಿ. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876 ರಲ್ಲಿ ಪ್ರಕಟಿಸಿದ ಸಭಾ ನಿಯಮಗಳನ್ನು ಇಂದಿಗೂ ಸಾವಿರಾರು ಸಂಘಗಳು ಬಳಸುತ್ತವೆ. ಅದರ ಪ್ರಕಾರ ವಿಶೇಷ ಸಮಿತಿ ತನ್ನ ಅಂತಿಮ ವರದಿ ಕೊಟ್ಟ ಕೂಡಲೇ ತಾನಾಗಿ ಮುಗಿಯುತ್ತದೆ. ಅದು ವರದಿ ಕೊಡುವ ಮೊದಲೇ ಕೆಲಸವನ್ನು ಅದರ ಕೈಯಿಂದ ವಾಪಸ್ ತೆಗೆದುಕೊಳ್ಳಬೇಕಾದರೆ, ಮುಂಚೆ ನೋಟಿಸ್ ಕೊಟ್ಟಿದ್ದರೆ ಸರಳ ಬಹುಮತ ಸಾಕು. ನೋಟಿಸ್ ಇಲ್ಲದಿದ್ದರೆ ಚಲಾಯಿಸಿದ ಮತಗಳಲ್ಲಿ ಮೂರನೇ ಎರಡರಷ್ಟು ಬೇಕು, ಇಲ್ಲವೇ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮತ ಬೇಕು. ನೋಟಿಸ್‌ಗೆ ಎಷ್ಟು ಬೆಲೆ ಕೊಟ್ಟಿದ್ದಾರೆ ನೋಡಿ. ಸಭೆಗೆ ಬಾರದವರಿಗೂ ವಿಷಯ ಗೊತ್ತಿರಲಿ ಅನ್ನುವುದೇ ಇದರ ಹಿಂದಿನ ಕಾಳಜಿ.

ಎರಡನೆಯದು, ಅದು ಯಾಕೆ ನಿಂತಿತು ಅಂತ ಕೇಳಿ. ಕೆಲಸ ಮುಗಿದು ನಿಂತಿದ್ದು ಬೇರೆ, ಜನ ಇಲ್ಲದೆ ನಿಂತಿದ್ದು ಬೇರೆ. ನಮ್ಮ ಉಪಸಮಿತಿಯ ಕೆಲಸ ಮುಗಿದಿರಲಿಲ್ಲ. ಅರ್ಜಿಗಳು ಬರುತ್ತಲೇ ಇದ್ದವು. ಅದಕ್ಕೆ ಬೇಕಾಗಿದ್ದದ್ದು ಹೊಸ ಸಂಚಾಲಕರು, ಮುಚ್ಚುವುದಲ್ಲ. ಇಂಟರ್ನೆಟ್‌ನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ 1998 ರ ನಿಯಮ ಇಲ್ಲಿ ನನಗೆ ತುಂಬಾ ಹಿಡಿಸಿತು. ಒಂದು ಕಾರ್ಯತಂಡದ ಕೈಯಲ್ಲಿ ಕೆಲಸ ಆಗುತ್ತಿಲ್ಲ ಅಂತ ಕಂಡರೆ ಅಲ್ಲಿ ಮೂರು ದಾರಿ: ಕೆಲಸದ ವ್ಯಾಪ್ತಿಯನ್ನು ಹೊಸದಾಗಿ ಬರೆಯುವುದು, ಮುಖ್ಯಸ್ಥರನ್ನು ಬದಲಿಸುವುದು, ಅಥವಾ ತಂಡವನ್ನು ವಿಸರ್ಜಿಸುವುದು. ಅದನ್ನೂ ತಂಡದ ಜೊತೆ ಮಾತಾಡಿಯೇ ನಿರ್ಧರಿಸಬೇಕು. ತಂಡಕ್ಕೆ ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿಗೂ ಅವಕಾಶ ಇದೆ. ನಮ್ಮಂಥ ಸಂಘಗಳಿಗೂ ಇದೇ ಸರಿ ಅಲ್ವಾ? ಉಪಸಮಿತಿಯ ಎಲ್ಲ ಸದಸ್ಯರಿಗೂ ಪತ್ರ ಬರೆಯಿರಿ. ಬಾಕಿ ಏನಿದೆ, ಮುಂದುವರಿಸಲು ಯಾರು ಸಿದ್ಧ, ಇಂಥ ತಾರೀಖಿನೊಳಗೆ ಹೇಳಿ ಅಂತ ಕೇಳಿ. ಉತ್ತರ ಬಾರದಿದ್ದರೆ ಅದನ್ನೂ ನಡಾವಳಿಯಲ್ಲಿ ದಾಖಲಿಸಿ. ಸಂಘದ ಪತ್ರಿಕೆಯ ಒಂದು ಸಂಚಿಕೆಯಲ್ಲೋ ಸುತ್ತೋಲೆಯಲ್ಲೋ ಉಳಿದ ಸದಸ್ಯರಿಗೂ ತಿಳಿಸಿ. ಕೆಲಸ ಮಾಡಲು ಮನಸ್ಸಿರುವವರು ಎಷ್ಟೋ ಸಲ ಹೊರಗೇ ಇರುತ್ತಾರೆ. ಯಾರೂ ಕೇಳಿರುವುದಿಲ್ಲ.

ಮುಚ್ಚಲೇಬೇಕು ಅಂತಾದರೆ ವಿಷಯ ಅಜೆಂಡಾದಲ್ಲಿ ಉಪಸಮಿತಿಯ ಹೆಸರಿನ ಸಮೇತ ಬರಲಿ. ‘ಇತರ ವಿಷಯಗಳು’ ಅನ್ನುವುದರೊಳಗೆ ಬರಬಾರದು. ನಿರ್ಣಯ ಒಂದು ಸಾಲಿನದ್ದಾದರೆ ಸಾಲದು. ಸುಮಾರು ಹೀಗಿರಲಿ: ‘ಇಂಥ ದಿನದ ಸಭೆಯಲ್ಲಿ ರಚನೆಯಾದ ಇಂಥ ಉಪಸಮಿತಿಯನ್ನು ಇಂಥ ದಿನದಿಂದ ವಿಸರ್ಜಿಸಲಾಗಿದೆ. ಅದರ ಖಾತೆಯ ಬಾಕಿ ಹಣವನ್ನು ಅದೇ ಉದ್ದೇಶಕ್ಕೆ ಪ್ರತ್ಯೇಕ ಶೀರ್ಷಿಕೆಯಡಿ ಇಡತಕ್ಕದ್ದು. ಖಾತೆ ಮುಚ್ಚಲು ಇಂಥವರಿಗೆ ಅಧಿಕಾರ ಕೊಡಲಾಗಿದೆ. ಬಾಕಿ ಅರ್ಜಿಗಳನ್ನು ಇಂಥವರು ನೋಡಿಕೊಂಡು ಮುಂದಿನ ಸಭೆಗೆ ವರದಿ ಕೊಡತಕ್ಕದ್ದು.’ ಇದರಲ್ಲಿ ‘ಇಂಥವರು’ ಅನ್ನುವ ಕಡೆ ಒಬ್ಬ ವ್ಯಕ್ತಿಯ ಹೆಸರೋ ಹುದ್ದೆಯೋ ಇರಲೇಬೇಕು. ‘ಸಂಬಂಧಪಟ್ಟವರು’ ಅಂತ ಬರೆದರೆ ಯಾರೂ ಮಾಡುವುದಿಲ್ಲ. ನಮ್ಮಲ್ಲಿ ಆದದ್ದು ಅದೇ.

ದಾಖಲೆಗಳ ವಿಷಯ ಚಿಕ್ಕದು, ಆದರೆ ಬಿಡಬೇಡಿ. ನಡಾವಳಿ, ರಸೀದಿ ಪುಸ್ತಕ, ಬಳಸದ ರಸೀದಿಗಳು, ಚೆಕ್ ಪುಸ್ತಕ, ಸೀಲು, ಲೆಟರ್‌ಹೆಡ್, ಬೀಗದ ಕೈ, ಪಾಸ್‌ವರ್ಡ್, ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿಸಿ ಪಡೆಯಿರಿ. ಬಳಸದ ರಸೀದಿ ಹೊರಗೆ ಉಳಿದರೆ ಸಂಘದ ಹೆಸರಲ್ಲಿ ಯಾರು ಬೇಕಾದರೂ ಹಣ ಎತ್ತಬಹುದು. ಅರ್ಜಿಗಳಲ್ಲಿ ಮನೆಯ ಖಾಸಗಿ ವಿವರ ಇರುತ್ತದೆ. ಅವು ಯಾರದೋ ಕಪಾಟಿನಲ್ಲಿ ಬಿದ್ದಿರಬಾರದು. ಇಮೇಲ್ ವಿಳಾಸವನ್ನು ತಕ್ಷಣ ಅಳಿಸಬೇಡಿ. ಕಾರ್ಯದರ್ಶಿಗೆ ಹೋಗುವಂತೆ ಮಾಡಿ, ಬರೆದವರಿಗೆಲ್ಲ ಒಂದು ಉತ್ತರ ಹೋಗಲಿ. ಮಾಸಿಕ ದಾನಿಗಳಿಗೆ ಬೇರೆಯಾಗಿ ತಿಳಿಸಿ. ಇಷ್ಟು ವರ್ಷ ದುಡಿದವರಿಗೆ ಪತ್ರ ಬರೆಯಿರಿ. ನಮ್ಮ ಹಳೆಯ ಸಂಚಾಲಕರಿಗೆ ನೋವಾದದ್ದು ಉಪಸಮಿತಿ ಹೋಗಿದ್ದಕ್ಕಲ್ಲ, ಯಾರೂ ಒಂದು ಮಾತು ಹೇಳಲಿಲ್ಲ ಅನ್ನುವುದಕ್ಕೆ.

ಹೊಸ ಉಪಸಮಿತಿ ಮಾಡುವಾಗಲೇ ಅವಧಿ ಬರೆದುಬಿಟ್ಟರೆ ಈ ತಲೆನೋವು ಎಷ್ಟೋ ಕಡಿಮೆ. ಅಮೆರಿಕದ ಒಕ್ಕೂಟ ಸರ್ಕಾರದ ಸಲಹಾ ಸಮಿತಿಗಳಿಗೆ 1972 ರ ಕಾಯ್ದೆಯಲ್ಲಿ ಇದನ್ನೇ ಮಾಡಿದರು. ಬೇರೆ ಕಾನೂನು ಬೇರೆ ಅವಧಿ ಹೇಳದಿದ್ದರೆ, ನವೀಕರಿಸದ ಸಮಿತಿ ಎರಡು ವರ್ಷಕ್ಕೆ ಮುಗಿಯುತ್ತದೆ. ನಮ್ಮ ಸಂಘದಲ್ಲೂ ಈಗ ಪ್ರತಿ ಉಪಸಮಿತಿಗೆ ಎರಡು ವರ್ಷ ಅಂತ ಬರೆದಿದ್ದೇವೆ. ಆದರೆ ನನ್ನ ಅಭಿಪ್ರಾಯದಲ್ಲಿ ಜನರ ಹಣ ಹಿಡಿದಿರುವ ಸಮಿತಿಯನ್ನು ತಾರೀಖು ಒಂದನ್ನೇ ನಂಬಿ ಮುಗಿಯಲು ಬಿಡಬಾರದು. ಅವಧಿ ಮುಗಿದರೂ ಹಣ, ಅರ್ಜಿ, ದಾಖಲೆ ಹಸ್ತಾಂತರ ಆಗಲೇಬೇಕು.

ವಿದ್ಯಾರ್ಥಿ ನೆರವು ಉಪಸಮಿತಿಯನ್ನು ಸರ್ವಸದಸ್ಯರ ಸಭೆ ಉಳಿಸಿಕೊಂಡಿತು. ಹೊಸ ಸಂಚಾಲಕರು ಬಂದಿದ್ದಾರೆ. ಹಳೆಯ ಅರ್ಜಿಗಳಿಗೆಲ್ಲ ಉತ್ತರ ಹೋಯಿತು. ಕೆಲವು ಮಕ್ಕಳಿಗೆ ಮುಂದಿನ ವರ್ಷಕ್ಕೆ ನೆರವು ಸಿಕ್ಕಿತು, ಕೆಲವರು ಅಷ್ಟರಲ್ಲಿ ಓದು ಬಿಟ್ಟಿದ್ದರು. ನಿಮ್ಮ ಸಂಘದ ಮುಂದಿನ ಸಭೆಯ ನೋಟಿಸ್ ಬಂದಿದ್ದರೆ ಒಮ್ಮೆ ನೋಡಿ. ಅದರಲ್ಲಿ ಇಲ್ಲದ ಉಪಸಮಿತಿಯನ್ನು ಕೊನೆಯ ಹೊತ್ತಲ್ಲಿ ಮುಚ್ಚುವ ಮಾತು ಬಂದರೆ, ಎದ್ದು ನಿಂತು ಮುಂದಿನ ಸಭೆಗೆ ಹಾಕಿ ಅಂತ ಕೇಳಿ. ನೀವು ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.